ಲಿಂಕಿನೊಳಗೆ ಕನ್ನಡ ತುರುಕಿದ ಕಥೆ

ಪುಟ್ಟ ಟಿಪ್ಪಣಿಗಳನ್ನು ಹಂಚಲು ಒಂದು ಜಾಲಪುಟ ಮಾಡಿಕೊಂಡಿದ್ದೇನೆ. ಅದಕ್ಕೆ ಡೇಟಾಬೇಸ್ ಇಲ್ಲ. ಬರೆದದ್ದೆಲ್ಲ ಲಿಂಕಿನಲ್ಲೇ, # ಚಿಹ್ನೆಯ ನಂತರ ಕೂರುತ್ತದೆ. ಆ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳುಹಿಸುವುದೇ ಇಲ್ಲ. ಹಾಗಾಗಿ ವಿಳಾಸ ತೀರಾ ಉದ್ದವಾಯಿತೆಂದು ಸರ್ವರ್ ಹೇಳುವ 414 ದೋಷದ ಭಯವಿಲ್ಲ. ಆದರೆ ಸಂದೇಶದಲ್ಲಿ ಅಂಟಿಸಿದ ಲಿಂಕ್ ಪರದೆ ತುಂಬ ಹರಡಿಕೊಂಡರೆ ಅದನ್ನು ಒತ್ತುವ ಧೈರ್ಯ ಯಾರಿಗೂ ಬರುವುದಿಲ್ಲ. ಕುಗ್ಗಿಸಲೇಬೇಕಾಯಿತು.

ಎಲ್ಲ ವಿಧಾನಗಳಿಗೂ ಮೊದಲು ಕೊಟ್ಟದ್ದು ಒಂದೇ ಪದ: ‘ಕನ್ನಡ’. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ನ, ಹಲಂತ, ನ, ಡ ಎಂದು ಐದು ಸಂಕೇತ. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಸಂಕೇತಕ್ಕೆ ಮೂರು ಬೈಟ್, ಒಟ್ಟು 15. ಏನೂ ಮಾಡದೆ ವಿಳಾಸಕ್ಕೆ ಸೇರಿಸಿದರೆ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳಾಗಿ ಬಿಚ್ಚಿಕೊಳ್ಳುತ್ತದೆ. ಒಟ್ಟು 45. ವಿಳಾಸಪಟ್ಟಿಯಲ್ಲಿ ಕನ್ನಡವೇ ಕಾಣುತ್ತಿದ್ದರೂ ನಕಲಿಸಿ ಅಂಟಿಸಿದಾಗ ಈ ಶೇಕಡಾಗಳ ಸಾಲು ಹೊರಬೀಳುವುದನ್ನು ನೀವೂ ನೋಡಿರುತ್ತೀರಿ.

ಕುಗ್ಗಿಸುವುದೆಂದರೆ ಜಿಜಿಪ್ ಎಂದುಕೊಂಡು ಮೊದಲು ಅದನ್ನೇ ಹಿಡಿದೆ. ಅದರ ಫಲಿತಾಂಶ ಬೈಟ್‌ಗಳಾದ್ದರಿಂದ ಬೈಟ್‌ಗಳನ್ನು 64 ಸಾದಾ ಚಿಹ್ನೆಗಳಲ್ಲಿ ಬರೆಯುವ ಬೇಸ್64ರ ವಿಳಾಸಸ್ನೇಹಿ ರೂಪಕ್ಕೆ ತಿರುಗಿಸಬೇಕು. ಅಲ್ಲಿ ಪ್ರತಿ ಅಕ್ಷರ ಆರು ಬಿಟ್ ಹೊರುತ್ತದೆ, ಅಂದರೆ ಮೂರು ಬೈಟ್‌ಗೆ ನಾಲ್ಕು ಅಕ್ಷರ. ಬಂದದ್ದು 46! ಕುಗ್ಗಿಸದೇ ಬಿಟ್ಟಿದ್ದಕ್ಕಿಂತ ಒಂದು ಹೆಚ್ಚು. ತಪ್ಪು ಜಿಜಿಪ್‌ನದಲ್ಲ. ಅದು ಕಡತಗಳಿಗಾಗಿ ಹುಟ್ಟಿದ ರೂಪ. ತಲೆಗೆ 10 ಬೈಟ್, ಬಾಲಕ್ಕೆ 8 ಬೈಟ್ ಕಟ್ಟಿಕೊಂಡೇ ಬರುತ್ತದೆ. ಆ ತಲೆಬಾಲ ಕತ್ತರಿಸಿ ನಿಜವಾಗಿ ಕುಗ್ಗಿಸುವ ಒಳಗಿನ ಡಿಫ್ಲೇಟ್ ಮಾತ್ರ ಉಳಿಸಿಕೊಂಡರೆ 22. ಪರವಾಗಿಲ್ಲ ಎನ್ನುವಷ್ಟರಲ್ಲಿ ಡಿಫ್ಲೇಟ್ ಇಲ್ಲದೆ ಬರೀ ಬೇಸ್64 ಮಾಡಿ ನೋಡಿದೆ: 20. ಅಂದರೆ ಡಿಫ್ಲೇಟ್ 15 ಬೈಟ್ ತಿಂದು 16 ಬೈಟ್ ಕಕ್ಕಿತ್ತು. ಸಣ್ಣ ಪಠ್ಯಕ್ಕೆ ಅದು ಬಳಸುವ ಸಿದ್ಧ ಹಫ್‌ಮನ್ ಕೋಷ್ಟಕದಲ್ಲಿ (ಯಾವ ಬೈಟ್‌ಗೆ ಎಷ್ಟು ಬಿಟ್ ಎಂಬ ಪಟ್ಟಿ) 144ರಿಂದ ಮೇಲಿನ ಬೈಟ್‌ಗಳಿಗೆ ಒಂಬತ್ತು ಬಿಟ್ ಬೇಕು. ಕನ್ನಡದ ಬೈಟ್‌ಗಳಲ್ಲಿ ಹೆಚ್ಚಿನವು ಇರುವುದು ಅಲ್ಲೇ.

ಜಾವಾಸ್ಕ್ರಿಪ್ಟ್ ಬಳಸುವವರು ಸಾಮಾನ್ಯವಾಗಿ ಸೂಚಿಸುವ ಎಲ್‌ಝಡ್-ಸ್ಟ್ರಿಂಗ್ ಎಂಬ ಕೋಡ್ ಗ್ರಂಥಾಲಯ ಮುಂದಿನದು. ಅದು 15 ಅಕ್ಷರಕ್ಕೆ ಇಳಿಸಿತು, ನನಗೆ ಅಚ್ಚರಿ. ಕಾರಣ ಸರಳ: ಅದು ಯುಟಿಎಫ್-8 ಬೈಟ್‌ಗಳನ್ನು ನೋಡುವುದೇ ಇಲ್ಲ, 16 ಬಿಟ್‌ನ ಸಂಕೇತಗಳನ್ನೇ ನೇರವಾಗಿ ಹಿಡಿಯುತ್ತದೆ. ಮೊದಲ ಸಲ ಕಂಡ ಅಕ್ಷರಕ್ಕೆ ಪೂರ್ತಿ ಬೆಲೆ, ಮತ್ತೆ ಕಂಡರೆ ಕೆಲವೇ ಬಿಟ್. ಆದರೆ ಅದರ ವಿಳಾಸದ ಅಕ್ಷರಮಾಲೆಯಲ್ಲಿ + ಚಿಹ್ನೆಯೂ ಇದೆ. ವಿಳಾಸದ ಪ್ರಶ್ನೆಭಾಗದಲ್ಲಿ (? ಚಿಹ್ನೆಯ ನಂತರ) + ಅನ್ನು ಖಾಲಿ ಜಾಗವೆಂದು ಓದುವುದು ಹಳೆಯ ರೂಢಿ. ಅದಕ್ಕೇ ಬಿಚ್ಚುವಾಗ ಖಾಲಿ ಜಾಗಗಳನ್ನೆಲ್ಲ ಮತ್ತೆ + ಮಾಡುವ ತೇಪೆಯೊಂದು ಗ್ರಂಥಾಲಯದಲ್ಲೇ ಇದೆ. ಕೆಲಸ ನಡೆಯುತ್ತದೆ, ಆದರೆ ತೇಪೆ ತೇಪೆಯೇ.

ಕುಗ್ಗಿಸುವ ಇನ್ನೊಂದು ವಿಧಾನವಾದ ಬ್ರಾಟ್ಲಿಯನ್ನು ಬೇಗ ಕೈಬಿಟ್ಟೆ. ಅದರ ಬಲ ಒಳಗೇ ಇರುವ ಸುಮಾರು 120 ಕಿಲೋಬೈಟ್‌ನ ಸಿದ್ಧ ನಿಘಂಟು. ಅದರಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ, ಅರೇಬಿಕ್ ಇದೆ, ಕನ್ನಡಕ್ಕೆ ಜಾಗವಿಲ್ಲ. ಇಂಗ್ಲಿಷ್ ತುಣುಕುಗಳಿಗೆಂದೇ ಬರೆದ ಸ್ಮ್ಯಾಝ್ ಬಗ್ಗೆ ಹೇಳುವುದೇ ಬೇಡ. ತನಗೆ ಗುರುತಿಲ್ಲದ ಬೈಟ್‌ಗಳನ್ನು ಅದು ಹಾಗೇ ನಕಲಿಸಿ, ಮುಂದೆ ಗುರುತೊಂದನ್ನು ಬೇರೆ ಸೇರಿಸುತ್ತದೆ.

ಇಷ್ಟಾದ ಮೇಲೆ ಕನ್ನಡದ ಬೈಟ್‌ಗಳನ್ನೇ ಸಾಲಾಗಿ ಬರೆದುಕೊಂಡು ಕೂತೆ. ಪ್ರತಿ ಸಂಕೇತದ ಮೊದಲ ಬೈಟ್ 224. ಎರಡನೆಯದು 178 ಅಥವಾ 179. ‘ನಾನು ಕನ್ನಡ’ ಎಂದು ಪ್ರತಿ ಅಕ್ಷರವೂ ಹೊಸದಾಗಿ ಪರಿಚಯ ಹೇಳಿಕೊಳ್ಳುತ್ತಿದೆ. ಒಮ್ಮೆ ಹೇಳಿದರೆ ಸಾಲದೆ? ಸಾಕು ಎನ್ನುವ ವಿಧಾನ ಯೂನಿಕೋಡ್‌ನವರೇ ಪ್ರಕಟಿಸಿದ ಎಸ್‌ಸಿಎಸ್‌ಯು. ಅದು 128 ಸಂಕೇತಗಳ ಕಿಟಕಿಯೊಂದನ್ನು ತೆರೆಯುತ್ತದೆ, ನಂತರ ಆ ಕಿಟಕಿಯೊಳಗಿನ ಪ್ರತಿ ಸಂಕೇತಕ್ಕೂ ಒಂದೇ ಬೈಟ್. ಕನ್ನಡದ ಯೂನಿಕೋಡ್ ವಿಭಾಗ ಸರಿಯಾಗಿ 128 ಸ್ಥಾನಗಳದ್ದು, ಕಿಟಕಿಯ ಚೌಕಟ್ಟಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ. ಕಿಟಕಿ ತೆರೆಯಲು ಎರಡು ಬೈಟ್, ಪದಕ್ಕೆ ಐದು. ಏಳು ಬೈಟ್ ಬೇಸ್64ರಲ್ಲಿ 10 ಅಕ್ಷರ. ಖಾಲಿ ಜಾಗ, ಅಂಕಿ, ಇಂಗ್ಲಿಷ್ ಅಕ್ಷರಗಳು ಕಿಟಕಿ ಬದಲಿಸದೆ ಒಂದೇ ಬೈಟ್‌ನಲ್ಲಿ ದಾಟುತ್ತವೆ. ‘ಸರ್ವರ್‌ಗೆ’ ಎಂಬಂಥ ಪದಗಳ ನಡುವೆ ಅಡಗಿರುವ, ಅಕ್ಷರಗಳನ್ನು ಬೆಸೆಯದಂತೆ ತಡೆಯುವ ಕಾಣದ ಚಿಹ್ನೆಗೆ ಮಾತ್ರ ಎರಡು.

ಒಂದು ಪದದಿಂದ ಏನು ತಿಳಿದೀತು ಎನ್ನುವವರಿಗೆ ಇನ್ನೊಂದು ಲೆಕ್ಕ: 180 ಕನ್ನಡ ಸಂಕೇತ, 20 ಖಾಲಿ ಜಾಗವಿರುವ ಸಣ್ಣ ಟಿಪ್ಪಣಿ. ಶೇಕಡಾ ರೂಪದಲ್ಲಿ 1680 ಅಕ್ಷರ, ಬರೀ ಬೇಸ್64ರಲ್ಲಿ 747, ಎಸ್‌ಸಿಎಸ್‌ಯು ದಾಟಿಸಿದರೆ 270.

ಇದಕ್ಕೂ ಕುಂದುಗಳಿವೆ. ಎಚ್‌ಟಿಎಂಎಲ್ ನಿಯಮಗಳು ಜಾಲಪುಟದ ಅಕ್ಷರರೂಪವಾಗಿ ಎಸ್‌ಸಿಎಸ್‌ಯು ಬಳಸುವುದನ್ನು ನಿಷೇಧಿಸಿವೆ, ಆದ್ದರಿಂದ ಬ್ರೌಸರ್‌ನಲ್ಲಿ ಅದು ಸಿದ್ಧವಾಗಿ ಸಿಗುವುದಿಲ್ಲ. ಕೋಡ್ ನಾನೇ ಬರೆದೆ. ಪಠ್ಯ ಬೆಳೆದಂತೆ ಅದರ ಮೇಲುಗೈಯೂ ಕರಗುತ್ತದೆ, ಏಕೆಂದರೆ ಮತ್ತೆ ಮತ್ತೆ ಬರುವ ಪದಗಳನ್ನು ಅದು ಗುರುತಿಸುವುದೇ ಇಲ್ಲ. ಕೆಲವು ಸಾವಿರ ಅಕ್ಷರಗಳಾದರೆ ಡಿಫ್ಲೇಟ್ ಮುಂದೆ ಹೋಗುತ್ತದೆ.

ನಡುವೆ ಒಂದು ಅತಿಬುದ್ಧಿಯನ್ನೂ ಮಾಡಿದೆ. ಡಿಫ್ಲೇಟ್‌ಗೆ ಸಾಮಾನ್ಯ ಕನ್ನಡ ಪದಗಳ ನಿಘಂಟನ್ನು ಮೊದಲೇ ಉಣಿಸಿದೆ. ಲಿಂಕುಗಳು ಸೊಗಸಾಗಿ ಚಿಕ್ಕದಾದವು. ತಿಂಗಳ ನಂತರ ನಿಘಂಟಿಗೆ ನಾಲ್ಕು ಪದ ಸೇರಿಸಿದೆ, ಹಳೆಯ ಲಿಂಕುಗಳೆಲ್ಲ ಕಲಸುಮೇಲೋಗರ. ತಲೆಬಾಲವಿಲ್ಲದ ಡಿಫ್ಲೇಟ್‌ನಲ್ಲಿ ಯಾವ ನಿಘಂಟು ಬಳಸಿದ್ದೆಂಬ ಗುರುತೂ ಇರುವುದಿಲ್ಲ, ದೋಷಸೂಚನೆಯೂ ಬರಲಿಲ್ಲ. ನಿಘಂಟನ್ನು ಕಿತ್ತುಹಾಕಿದೆ. ಇನ್ನೊಂದು ಪೆಟ್ಟು ಸಂದೇಶ ಆ್ಯಪ್ ಒಂದರಿಂದ: ಬೇಸ್64ರ ಎರಡು ಅಡಿಗೆರೆಗಳ ನಡುವಿನ ಭಾಗವನ್ನು ಓರೆ ಅಕ್ಷರವೆಂದು ತಿಳಿದು ಅಡಿಗೆರೆಗಳನ್ನೇ ನುಂಗಿತು. ಈಗ ಅಡಿಗೆರೆಯ ಬದಲು ಚುಕ್ಕಿ ಬಳಸುತ್ತೇನೆ. ಕೊನೆಯ ಚುಕ್ಕಿಯನ್ನು ವಾಕ್ಯದ ಪೂರ್ಣವಿರಾಮವೆಂದು ಬಿಟ್ಟುಬಿಡುವ ಆ್ಯಪ್‌ಗಳೂ ಇವೆ, ಅದಕ್ಕೆ ಚುಕ್ಕಿಯಲ್ಲಿ ಮುಗಿಯುವ ಲಿಂಕಿನ ತುದಿಗೆ ಒಂದು ಸೊನ್ನೆ.

ಸದ್ಯ ನನ್ನ ಪುಟ ಬರೀ ಬೇಸ್64, ಎಸ್‌ಸಿಎಸ್‌ಯು, ಅದರ ಮೇಲೆ ಡಿಫ್ಲೇಟ್ ಎಂದು ಮೂರನ್ನೂ ಮಾಡಿ ನೋಡಿ ಚಿಕ್ಕದನ್ನು ಆರಿಸುತ್ತದೆ. ಯಾವುದನ್ನು ಆರಿಸಿತೆಂದು ಹೇಳಲು ಮುಂದೊಂದು ಅಂಕಿ ಇಡುವುದರಿಂದ ‘ಕನ್ನಡ’ ಈಗ 11 ಅಕ್ಷರ.