ವಂಶವಾಹಿ ಪರೀಕ್ಷೆಯ ವರದಿಗೆ ಲಗತ್ತಿಸಿದ ಪದವಿವರಣೆ: ಒಂದು ವಿಮರ್ಶೆ

ವೈದ್ಯರ ಸಲಹೆಯಂತೆ ನಮ್ಮ ಕುಟುಂಬದ ಒಬ್ಬರಿಗೆ ವಂಶವಾಹಿ ಪರೀಕ್ಷೆ ಮಾಡಿಸಿದಾಗ, ಪ್ರಯೋಗಾಲಯದವರು ವರದಿಯ ಜೊತೆಗೆ ಕೆಲವು ಪುಟಗಳ ಪದವಿವರಣೆಯನ್ನೂ ಕೊಟ್ಟಿದ್ದರು. ನಾನು ಬರೆಯುತ್ತಿರುವುದು ಆ ಪುಟಗಳ ಬಗ್ಗೆ ಮಾತ್ರ. ತಜ್ಞರಲ್ಲದ ಮನೆಮಂದಿ ವರದಿಯನ್ನು ಅರ್ಥಮಾಡಿಕೊಳ್ಳುವುದು ಅವುಗಳ ಮೂಲಕವೇ ಆದ್ದರಿಂದ, ಅಲ್ಲಿನ ಒಂದೊಂದು ಪದಕ್ಕೂ ತೂಕವಿದೆ.

ಆರಂಭದ ಪುಟ ಮೆಚ್ಚುವಂತಿದೆ. ಬಟಾಣಿ ಬೀಜದ ಆಕಾರಕ್ಕೆ ಸಂಬಂಧಿಸಿದ ಜೀನ್ ಒಂದೇ. ಬೀಜವನ್ನು ದುಂಡಗಾಗಿಸುವ ಮತ್ತು ಸುಕ್ಕುಗಟ್ಟಿಸುವ ಅದರ ಎರಡು ರೂಪಗಳೇ ಅಲೀಲ್‌ಗಳು ಎಂದು ಅದು ತಿಳಿಯಾಗಿ ಹೇಳುತ್ತದೆ. ಅದೇ ಬಟಾಣಿಯನ್ನು ಮುಂದಿಟ್ಟುಕೊಂಡು, ನೋಟಕ್ಕೆ ಒಂದೇ ಬಗೆಯಾಗಿರುವ ಎರಡು ದುಂಡು ಬೀಜಗಳಲ್ಲಿ ಒಂದು ಎರಡೂ ದುಂಡು ಅಲೀಲ್‌ಗಳನ್ನೂ ಇನ್ನೊಂದು ಎರಡು ಬಗೆಯ ಅಲೀಲ್‌ಗಳನ್ನೂ ಹೊತ್ತಿರಬಹುದೆಂದು ತೋರಿಸಿ, ಒಳಗಿನ ಜೋಡಣೆಯನ್ನು ಜೀನೋಟೈಪ್ ಎಂದೂ ಹೊರಗೆ ಕಾಣುವ ಗುಣವನ್ನು ಫೀನೋಟೈಪ್ ಎಂದೂ ಬೇರ್ಪಡಿಸುತ್ತದೆ. 1909ರಲ್ಲಿ ಡೆನ್ಮಾರ್ಕ್‌ನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸನ್ ಈ ಎರಡು ಪದಗಳನ್ನು ಮುಂದಿಟ್ಟದ್ದೂ ಇದೇ ಭೇದವನ್ನು ಗುರುತಿಸುವುದಕ್ಕಾಗಿ.

ನನ್ನ ಆಕ್ಷೇಪ ಇರುವುದು ಮುಂದಿನ ಪುಟದ ಮೇಲೆ. ಅಲ್ಲಿ ವೇರಿಯಂಟ್, ಅಂದರೆ ಜೀನ್‌ನಲ್ಲಿ ಕಂಡುಬರುವ ವ್ಯತ್ಯಾಸ, ಎಂಬುದಕ್ಕೆ 'ಉತ್ಪರಿವರ್ತನೆ, ದೋಷ' ಎಂದಷ್ಟೇ ಅರ್ಥ ಕೊಡಲಾಗಿದೆ. ಉತ್ಪರಿವರ್ತನೆ ಎಂಬ ಪದ ಕೇಳಿದವರ ಮನಸ್ಸಿನಲ್ಲಿ ರೋಗದ ಅಂಜಿಕೆ ಮೂಡಿಸುತ್ತದೆ ಎಂಬ ಕಾರಣವೂ ಸೇರಿ, 2015ರಲ್ಲಿ ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ತಜ್ಞರ ಮಾರ್ಗಸೂಚಿ ಅದರ ಬದಲು ವೇರಿಯಂಟ್ ಎಂಬ ತಟಸ್ಥ ಪದವನ್ನು ಬಳಸಿ, ರೋಗಕಾರಕ, ಬಹುಶಃ ರೋಗಕಾರಕ, ಮಹತ್ವ ಅನಿಶ್ಚಿತ, ಬಹುಶಃ ನಿರಪಾಯ, ನಿರಪಾಯ ಎಂಬ ಐದು ವರ್ಗಗಳಲ್ಲಿ ಒಂದನ್ನು ಅದರೊಂದಿಗೆ ಸೂಚಿಸಬೇಕೆಂದು ಶಿಫಾರಸು ಮಾಡಿತು. ನಮ್ಮ ವರದಿಯಲ್ಲಿದ್ದದ್ದು ಮೂರನೆಯ ವರ್ಗ. 'ದೋಷ' ಎಂಬ ಮಾತನ್ನು ಓದಿದ ಹಿರಿಯರೊಬ್ಬರು ರೋಗವೇ ಖಚಿತವಾಯಿತೆಂದು ತಿಳಿದು, ತಳಿ ಸಲಹೆಗಾರರನ್ನು ಕಾಣುವ ತನಕ ನೆಮ್ಮದಿಯಿಲ್ಲದೆ ಕಳೆದರು.

ಜನ್ಮಜಾತ, ಆನುವಂಶಿಕ ಎಂಬ ಪದಗಳನ್ನೂ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಗರ್ಭಿಣಿಗೆ ತಗಲಿದ ರುಬೆಲ್ಲಾ ಸೋಂಕಿನಿಂದ ಮಗುವಿಗೆ ಬರುವ ಕಿವುಡು ಜನ್ಮಜಾತವೇ ಹೊರತು ಆನುವಂಶಿಕವಲ್ಲ. ಮಿದುಳಿನ ನರಕೋಶಗಳನ್ನು ಕ್ರಮೇಣ ನಾಶಮಾಡುವ ಹಂಟಿಂಗ್ಟನ್ ಕಾಯಿಲೆ ಆನುವಂಶಿಕವಾದರೂ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಜೋಡಿಯಲ್ಲಿ ಒಂದೇ ಇದ್ದರೂ ತನ್ನ ಗುಣ ತೋರುವ ಅಲೀಲ್‌ಗೆ ಹೇಳುವ 'ಪ್ರಬಲ' ಎಂದರೆ ಹೆಚ್ಚು ಜನರಲ್ಲಿ ಇರುವಂಥದು ಎಂಬ ಭಾವನೆಯನ್ನೂ ಈ ಪುಟ ತಿದ್ದುವುದಿಲ್ಲ. ಹಂಟಿಂಗ್ಟನ್ ಪ್ರಬಲ ಅಲೀಲ್‌ನಿಂದ ಬರುವುದಾದರೂ ಅಪರೂಪ, ಓ ರಕ್ತಗುಂಪಿನ ಅಲೀಲ್ ದುರ್ಬಲವಾದರೂ, ಅಂದರೆ ಜೋಡಿಯ ಎರಡೂ ಅದೇ ಆಗಿದ್ದಾಗ ಮಾತ್ರ ಗುಣ ತೋರುವುದಾದರೂ, ಬಹು ವ್ಯಾಪಕ.

ಮೊದಲ ಪುಟದಲ್ಲಿ ಬಟಾಣಿಗೆ ತೋರಿದ ತಾಳ್ಮೆಯನ್ನು ಎರಡನೆಯ ಪುಟದಲ್ಲಿ ರೋಗಿಗೂ ತೋರಿದ್ದರೆ ಈ ಸೇವೆಯನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತಿದ್ದೆ. ಸದ್ಯಕ್ಕೆ, ವರದಿ ಕೈಸೇರಿದವರು ಆ ಎರಡನೆಯ ಪುಟವನ್ನು ಸಲಹೆಗಾರರ ಎದುರಿನಲ್ಲೇ ಓದುವುದು ಒಳಿತು.