ನ್ಯಾ ಟ್ರಾಂಗ್ ಮಾರುಕಟ್ಟೆಗಳಲ್ಲಿ ಅಗರು ಮಣಿ ಕೊಳ್ಳಬೇಡಿ

ವಿಯೆಟ್ನಾಂ ಪ್ರವಾಸಕ್ಕೆ ಹೊರಟಿರುವ ಕನ್ನಡಿಗರು, ಅದರಲ್ಲಿಯೂ ನ್ಯಾ ಟ್ರಾಂಗ್ ಕಡಲತೀರಕ್ಕೆ ಹೋಗುವವರು, ಅಲ್ಲಿನ ಮಾರುಕಟ್ಟೆಗೆ ಕಾಲಿಡುವ ಮೊದಲು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅಗರು ಮರದ ಜಪಮಾಲೆಯೆಂದು ಹೇಳಿ ಅಲ್ಲಿಯ ಮಳಿಗೆಯೊಂದರಲ್ಲಿ ನಮಗೆ ಮಾರಿದ್ದು ಬಣ್ಣ ಬಳಿದು ಸುಗಂಧದ ಎಣ್ಣೆಯಲ್ಲಿ ನೆನೆಸಿದ ಯಾವುದೋ ಸಾಮಾನ್ಯ ಮರದ ಮಣಿಗಳನ್ನು. ಅಷ್ಟು ಸಾಲದೆಂಬಂತೆ, ನಾವು ಕೊಟ್ಟ 5,00,000 ಡಾಂಗ್‌ನ (ಡಾಂಗ್ ಎಂದರೆ ಅಲ್ಲಿಯ ಹಣ) ನೋಟೊಂದು ಮಾರುವವಳ ಕೈಯಲ್ಲಿ 20,000 ಡಾಂಗ್‌ನ ನೋಟಾಗಿ ಬದಲಾಯಿತು. ಮಾರುಕಟ್ಟೆಯ ಹೆಸರನ್ನಾಗಲಿ ಮಳಿಗೆಯ ಹೆಸರನ್ನಾಗಲಿ ನಾನು ಬರೆಯುತ್ತಿಲ್ಲ, ಏಕೆಂದರೆ ಅದೇ ಮಣಿಗಳನ್ನು ಅದೇ ಮಾತುಗಳೊಂದಿಗೆ ಮಾರುತ್ತಿದ್ದವರನ್ನು ಆಮೇಲೆ ಬೇರೆ ಕಡೆಗಳಲ್ಲಿಯೂ ನೋಡಿದೆ. ಒಂದು ಹೆಸರನ್ನು ತಪ್ಪಿಸಿಕೊಂಡರೆ ಸಾಕೆಂದು ಯಾರೂ ತಿಳಿಯಬಾರದು.

ಬೆಲೆ ಹೆಚ್ಚು ಹೇಳಿದರೆಂಬುದು ನನ್ನ ದೂರಲ್ಲ. ಚೌಕಾಸಿ ಹೇಗೆ ನಡೆಯುತ್ತದೆಂದು ಸಂತೆಗೆ ಹೋಗಿ ಬಂದ ಎಲ್ಲರಿಗೂ ಗೊತ್ತು. ಅವರು ಕ್ಯಾಲ್ಕುಲೇಟರಿನಲ್ಲಿ ಒಂದು ಸಂಖ್ಯೆ ಒತ್ತಿ ತೋರಿಸುತ್ತಾರೆ, ನಾವು ಅದರ ಅರ್ಧಕ್ಕಿಂತ ಕೆಳಗೆ ಇನ್ನೊಂದನ್ನು ಒತ್ತುತ್ತೇವೆ, ನಾಲ್ಕು ಹೆಜ್ಜೆ ಹೊರಟಂತೆ ಮಾಡಿದರೆ ಹಿಂದಕ್ಕೆ ಕರೆಯುತ್ತಾರೆ, ನಡುವೆ ಎಲ್ಲಿಯೋ ಇಬ್ಬರಿಗೂ ಒಪ್ಪಿಗೆಯಾಗುತ್ತದೆ. ಹಾಗೆ ಕೊಂಡ ವಸ್ತುವಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ಅದು ಮೋಸವಲ್ಲ. ನಮ್ಮಲ್ಲಿ ಬೋಣಿಗೆ ಇರುವ ಮಹತ್ವವೇ ಅಲ್ಲಿಯೂ ಇದೆ: ಬೆಳಗಿನ ಮೊದಲ ಗಿರಾಕಿ ಚೌಕಾಸಿ ಮಾಡಿ ಏನೂ ಕೊಳ್ಳದೆ ಹೊರಟರೆ ಇಡೀ ದಿನದ ವ್ಯಾಪಾರ ಕೆಡುತ್ತದೆಂದು ನಂಬುತ್ತಾರೆ, ಅಂಥವರು ಹೋದ ಮೇಲೆ ಕಾಗದ ಸುಟ್ಟು ಅಪಶಕುನ ಕಳೆಯುವವರೂ ಇದ್ದಾರೆ. ಇದನ್ನು ತಿಳಿದೇ ನಾವು ಬೆಳಿಗ್ಗೆ ಬೇಗ ಹೋಗದೆ ಮಧ್ಯಾಹ್ನದ ಹೊತ್ತಿಗೆ ಹೋಗಿದ್ದೆವು. ಅವರ ರೂಢಿಗೆ ಇಷ್ಟು ಗೌರವ ಕೊಟ್ಟವರಿಗೆ ಸಿಕ್ಕಿದ್ದು ಏನೆಂಬುದನ್ನು ಮುಂದೆ ಬರೆಯುತ್ತೇನೆ.

ನ್ಯಾ ಟ್ರಾಂಗ್ ಇರುವುದು ಖಾನ್ ಹೋವಾ ಪ್ರಾಂತ್ಯದಲ್ಲಿ. 2025ರ ಜುಲೈ 1ರಿಂದ ಪಕ್ಕದ ನಿನ್ ಥುವಾನ್ ಕೂಡ ಇದರೊಳಗೆ ಸೇರಿದೆ. ಈ ಸೀಮೆಗೆ ಅಗರಿನ ನಾಡು ಎಂಬ ಖ್ಯಾತಿ ಹಿಂದಿನಿಂದಲೂ ಇದೆ, ಕಡಲತೀರದ ಮುಖ್ಯ ರಸ್ತೆಯಲ್ಲಿ ಅಗರಿನ ಹೆಸರಿನದೇ ಒಂದು ಗೋಪುರವನ್ನು ಕಟ್ಟಿ ನಿಲ್ಲಿಸಿದ್ದಾರೆ. ಕಾಯ್ ನದಿಯ ದಂಡೆಯ ಗುಡ್ಡದ ಮೇಲೆ ಈ ಸೀಮೆಯ ಹಳೆಯ ನಿವಾಸಿಗಳಾದ ಚಾಮ್ ಜನರು ಕಟ್ಟಿದ ಪೊ ನಗರ್ ದೇಗುಲಗಳಿವೆ; ಅಲ್ಲಿಯ ಹತ್ತು ಕೈಗಳ ದೇವಿಯನ್ನು ಹಳೆಯ ಸಂಸ್ಕೃತ ಶಾಸನಗಳು ಭಗವತಿ ಎಂದು ಕರೆಯುತ್ತವೆ, ಇಂದಿನ ವಿಯೆಟ್ನಾಮಿಗರ ಐತಿಹ್ಯದಲ್ಲಿ ಆ ದೇವಿ ಅಗರಿನ ದಿಮ್ಮಿಯೊಂದರೊಳಗೆ ಸೇರಿ ಸಮುದ್ರದಲ್ಲಿ ತೇಲಿಹೋದಳೆಂಬ ಕಥೆಯಿದೆ. ಬೆಳಿಗ್ಗೆ ಆ ಗುಡಿಗೆ ಹೋಗಿ ಕೈಮುಗಿದು ಬಂದವರಿಗೆ ಮಧ್ಯಾಹ್ನ ಮಾರುಕಟ್ಟೆಯಲ್ಲಿ ಅಗರು ಮಣಿ ಕಂಡರೆ ಮನಸ್ಸು ಹೇಗೆ ಎಳೆಯುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಮಾರುವವರಿಗೂ ಅದು ಚೆನ್ನಾಗಿ ಗೊತ್ತು.

ನಮ್ಮ ತಂದೆಯವರು ದಿನವೂ ಜಪ ಮಾಡುವವರು. ಅವರಿಗಾಗಿ 108 ಮಣಿಗಳ ಮಾಲೆಯೊಂದನ್ನು ನೋಡುತ್ತಿದ್ದೇವೆಂದು ತಿಳಿದ ಕೂಡಲೇ ಆ ಮಳಿಗೆಯ ಹೆಂಗಸು ಫೋನಿನಲ್ಲಿ ಪೊ ನಗರ್ ದೇವಿಯ ಚಿತ್ರ ತೆಗೆದು ತೋರಿಸಿದಳು, ಅನುವಾದದ ಆ್ಯಪಿನಲ್ಲಿ "ಇವಳು ನಿಮ್ಮ ದೇಶದ ದೇವಿಯೂ ಹೌದು, ದೇವರ ವಸ್ತುವಿನಲ್ಲಿ ನಾನು ಸುಳ್ಳು ಹೇಳುವುದಿಲ್ಲ" ಎಂದು ಬರೆದು ನನ್ನ ಮುಂದೆ ಹಿಡಿದಳು. ಆ ವಾಕ್ಯ ಇವತ್ತಿಗೂ ನನ್ನ ಕಣ್ಣ ಮುಂದೆಯೇ ಇದೆ. ಗಾಜಿನ ಲೋಟದ ನೀರಿಗೆ ಒಂದು ಮಣಿಯನ್ನು ಹಾಕಿ ಅದು ಮುಳುಗುವುದನ್ನು ತೋರಿಸಿದಳು, ಲೈಟರಿನಿಂದ ಒಂದು ಚೂರನ್ನು ಸುಟ್ಟು ಹೊಗೆಯನ್ನು ಮೂಗಿನ ಬಳಿ ತಂದಳು, ಆ ಪರಿಮಳ ನಿಜವಾಗಿಯೂ ದೇವರ ಮನೆಯ ಪರಿಮಳವೇ ಆಗಿತ್ತು. 45 ಲಕ್ಷ ಡಾಂಗ್‌ನಿಂದ ಶುರುವಾದ ಮಾತು 18 ಲಕ್ಷಕ್ಕೆ, ಎಂದರೆ ಸುಮಾರು ಆರು ಸಾವಿರ ರೂಪಾಯಿಗೆ ನಿಂತಿತು. ಒಪ್ಪಿಗೆಯಾದ ಮೇಲೆ ಮಾಲೆಯನ್ನು ಹಿಡಿಸಿ ನಮ್ಮೊಂದಿಗೆ ನಗುತ್ತಾ ಫೋಟೋ ಕೂಡ ತೆಗೆದುಕೊಂಡಳು.

ಅನಂತರ ಹಣ. ನಾನು ಐದು ಲಕ್ಷದ ನಾಲ್ಕು ನೋಟುಗಳನ್ನು ಎಣಿಸಿ ಅವಳ ಕೈಗೆ ಕೊಟ್ಟೆ, ಎರಡು ಲಕ್ಷ ಚಿಲ್ಲರೆ ಬರಬೇಕಿತ್ತು. ಅವಳು ನೋಟು ಹಿಡಿದು ಹಿಂದಿನ ಡಬ್ಬಿಯ ಕಡೆಗೆ ತಿರುಗಿದಳು, ಮತ್ತೆ ಈ ಕಡೆ ತಿರುಗಿದಾಗ ಮುಖದ ನಗು ಮಾಯವಾಗಿತ್ತು. ಮೂರು ನೋಟು ಐದು ಲಕ್ಷದವು, ನಾಲ್ಕನೆಯದು ಇಪ್ಪತ್ತು ಸಾವಿರದ್ದು. "ನೀವು ಕೊಟ್ಟಿದ್ದು ಇದು" ಎಂದು ಆ ನೋಟನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಆಡಿಸಿದಳು. ಎರಡೂ ನೋಟುಗಳು ನೀಲಿ ಬಣ್ಣದವು, ಎರಡರ ಮೇಲೂ ಹೋ ಚಿ ಮಿನ್ ಅವರ ಮುಖವೇ ಇದೆ, ಆದರೆ ನನ್ನ ಬಳಿ ಆಗ ಇದ್ದದ್ದು ಎಟಿಎಂನಿಂದ ತೆಗೆದ ಐದು ಲಕ್ಷದ ಗರಿಗರಿ ನೋಟುಗಳು ಮಾತ್ರ. ಇಪ್ಪತ್ತು ಸಾವಿರದ್ದು ಒಂದೂ ಇರಲಿಲ್ಲ, ಒಂದೂ ಇರಲಿಲ್ಲ. ಅವಳು ಹಿಡಿದಿದ್ದ ನೋಟು ಹಳೆಯದು, ಮಡಿಕೆ ಬಿದ್ದದ್ದು. ಅದನ್ನು ಹೇಳಿದೆ, ಪರ್ಸು ಬಿಚ್ಚಿ ತೋರಿಸಿದೆ. ಅವಳು ದನಿ ಏರಿಸಿದಳು, ಅಕ್ಕಪಕ್ಕದ ಮಳಿಗೆಯವರು ಬಂದು ಸುತ್ತ ನಿಂತರು, ಪ್ರವಾಸಿಗರು ತಿರುಗಿ ನೋಡತೊಡಗಿದರು, ಭಾರತದವರು ಹಣ ಕೊಡದೆ ಜಗಳ ಮಾಡುತ್ತಿದ್ದಾರೆಂಬಂತೆ ಆ ನೋಟ. ಪರದೇಶದಲ್ಲಿ, ಭಾಷೆಯಿಲ್ಲದ ಜಾಗದಲ್ಲಿ, ಮನೆಯವರ ಮುಂದೆ ಕಳ್ಳನಂತೆ ನಿಲ್ಲುವುದು ಏನೆಂಬುದು ಅನುಭವಿಸಿದವರಿಗೇ ಗೊತ್ತು. ಇನ್ನೊಂದು ಐದು ಲಕ್ಷದ ನೋಟು ಕೊಟ್ಟು, 2,20,000 ಡಾಂಗ್ ಚಿಲ್ಲರೆ ಪಡೆದು, ಮಾಲೆ ತೆಗೆದುಕೊಂಡು ಹೊರಬಂದೆವು. 4,80,000 ಡಾಂಗ್, ಸುಮಾರು 1,600 ರೂಪಾಯಿ, ನಮ್ಮ ಕಣ್ಣ ಮುಂದೆಯೇ ಹೋಯಿತು.

ಮಾಲೆಯಾದರೂ ಅಸಲಿ ಎಂಬ ಸಮಾಧಾನ ಇತ್ತು. ಮರುದಿನ ಹೋಟೆಲಿನ ಕೋಣೆಯಲ್ಲಿ, ದೇವರ ವಸ್ತುವೆಂದು ಅದನ್ನು ಬರಿಯ ತಣ್ಣೀರಿನಲ್ಲಿ ತೊಳೆದು ಬಿಳಿಯ ಟವೆಲಿನ ಮೇಲೆ ಇಟ್ಟೆವು. ಟವೆಲು ಕಂದು ಬಣ್ಣವಾಯಿತು. ಒರೆಸಿದಷ್ಟೂ ಬಣ್ಣ ಬಿಡುತ್ತಿತ್ತು, ಪರಿಮಳ ಆಗಲೇ ಅರ್ಧ ಹೋಗಿ ಅಗ್ಗದ ಸೆಂಟಿನ ವಾಸನೆ ಉಳಿದಿತ್ತು, ದಾರದ ತೂತಿನ ಅಂಚಿನಲ್ಲಿ ಚಾಕುವಿನಿಂದ ಕೆರೆದು ನೋಡಿದರೆ ಒಳಗೆ ಬಿಳಿಚಿದ ಹಗುರ ಮರ. ನಮ್ಮ ತಂದೆಯವರು ಜಪಕ್ಕೆ ಹಿಡಿಯಬೇಕಾಗಿದ್ದ ಮಣಿ ಅದು.

ವಾಪಸು ಕೊಡಲು ಬೆಳಿಗ್ಗೆಯೇ ಹೋದೆವು. ಈಗ ಅವಳ ಉತ್ತರಗಳನ್ನು ಒಂದೊಂದಾಗಿ ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಉತ್ತರಗಳು ಸಿಗುತ್ತವೆ. ಮೊದಲು, ಇನ್ನೂ ಬೋಣಿಯಾಗಿಲ್ಲ, ಬೋಣಿಗೆ ಮೊದಲು ಮಾಲು ವಾಪಸು ತರುವುದು ಅಪಶಕುನ, ಆಮೇಲೆ ಬನ್ನಿ ಎಂದು ಕೈಬೀಸಿ ಕಳಿಸಿದಳು. ಆಮೇಲೆ ಹೋದಾಗ, ಸೋಪು ಹಾಕಿ ತೊಳೆದಿದ್ದೀರಿ ಎಂದಳು. ಸೋಪು ಹಾಕಿಲ್ಲವೆಂದಾಗ, ಸಮುದ್ರದ ಉಪ್ಪುಗಾಳಿಗೆ ಅಗರು ಬಣ್ಣ ಬಿಡುತ್ತದೆ ಎಂದಳು. ಸಮುದ್ರದ ದಂಡೆಯ ಊರಿನಲ್ಲಿ ಕುಳಿತು ಮಾರುವವಳು ಹೇಳಿದ ಮಾತಿದು. ಒಳಗಿನ ಬಿಳಿ ಮರವನ್ನು ತೋರಿಸಿದಾಗ ಫೋನಿನಲ್ಲಿ ಬರೆದು ತೋರಿಸಿದ ವಾಕ್ಯ: "ನೀವು ಬೆಲೆ ಇಳಿಸಿದಿರಿ, ಆ ಬೆಲೆಗೆ ಆ ಮರ." ಎಂದರೆ ಅಸಲಿಯಲ್ಲವೆಂದು ಅವಳೇ ಒಪ್ಪಿಕೊಂಡಂತಾಯಿತು. ಹಾಗಾದರೆ ದೇವಿಯ ಚಿತ್ರ ತೋರಿಸಿ ಆಣೆ ಮಾಡಿದ್ದು ಯಾವ ಬೆಲೆಯ ಮಾತು ಎಂದು ಕೇಳಿದೆ. ಅದಕ್ಕೆ ಅವಳು ಹಿಂದಿನ ದಿನದ ಫೋಟೋ ತೆಗೆದು, ನಾವು ಮಾಲೆ ಹಿಡಿದು ನಗುತ್ತಿರುವುದನ್ನು ತೋರಿಸಿ, "ನೀವು ಸಂತೋಷದಿಂದ ಕೊಂಡಿದ್ದೀರಿ" ಎಂದಳು. ಆ ಫೋಟೋ ಪ್ರೀತಿಯಿಂದ ತೆಗೆದದ್ದೆಂದು ನಾವು ತಿಳಿದಿದ್ದೆವು. ಕೊನೆಗೆ, ಇನ್ನೂ ಎಂಟು ಲಕ್ಷ ಡಾಂಗ್ ಕೊಟ್ಟರೆ "ನಿಜವಾದ" ಮಾಲೆ ಕೊಡುತ್ತೇನೆಂದು ಅದೇ ಬುಟ್ಟಿಯಿಂದ ಅಂಥದೇ ಇನ್ನೊಂದನ್ನು ಎತ್ತಿದಳು. ಮಾರುಕಟ್ಟೆಯ ಕಚೇರಿಯಲ್ಲಿದ್ದವರು ರಸೀದಿ ಕೇಳಿದರು. ರಸೀದಿ ಅವಳು ಕೊಟ್ಟೇ ಇರಲಿಲ್ಲ. ಅಲ್ಲಿಗೆ ಅದೂ ಮುಗಿಯಿತು.

ಬೆಲೆಚೀಟಿ ಹಾಕಿ ರಸೀದಿ ಕೊಟ್ಟು ಮಾರುವ ಅಂಗಡಿಯೊಂದಕ್ಕೆ ಆ ಸಂಜೆ ಹೋಗಿ ಕೇಳಿದಾಗ ಅಲ್ಲಿಯ ಹಿರಿಯರು ತಾಳ್ಮೆಯಿಂದ ತೋರಿಸಿ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಅಗರು ಎಂದರೆ ಮರವಲ್ಲ, ಗಾಯಗೊಂಡು ಶಿಲೀಂಧ್ರ ಸೋಂಕಿದ ಮರವು ತನ್ನನ್ನು ಕಾಪಾಡಿಕೊಳ್ಳಲು ಒಳಗೆ ತುಂಬಿಕೊಳ್ಳುವ ರಾಳ. ನಮ್ಮ ಮಲೆನಾಡಿನಲ್ಲಿ ಅಗರು ಗಿಡ ನೆಟ್ಟ ರೈತರಿಗೆ ಇದು ತಿಳಿದ ವಿಷಯ. ರಾಳ ತುಂಬಲು ವರ್ಷಗಳು ಬೇಕು, ಆದ್ದರಿಂದಲೇ ಆ ಬೆಲೆ. ರಾಳ ಹೆಚ್ಚಿರುವ ತುಂಡು ನೀರಿನಲ್ಲಿ ಮುಳುಗುತ್ತದೆ ನಿಜ, ಆದರೆ ಒತ್ತಡದಲ್ಲಿ ಎಣ್ಣೆ ತುಂಬಿದ ಮರವೂ, ಮರದ ಪುಡಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಮಣಿಯೂ ಮುಳುಗುತ್ತವೆ, ಕಡಿಮೆ ರಾಳದ ಅಸಲಿ ಅಗರು ತೇಲುತ್ತದೆ. ಹಾಗಾಗಿ ಲೋಟದ ನೀರಿನ ಪರೀಕ್ಷೆಗೆ ಅರ್ಥವೇ ಇಲ್ಲ. ಪರೀಕ್ಷೆಗೆ ಮುಳುಗಿಸಿದ ಮಣಿಯೂ ಸುಟ್ಟ ಚೂರೂ ನಮಗೆ ಕೊಟ್ಟ ಮಾಲೆಯವೇ ಎಂದು ಯಾರು ಹೇಳಬಲ್ಲರು? ಅಸಲಿ ಅಗರು ತಣ್ಣಗಿರುವಾಗ ಮಂದವಾಗಿ ಮಾತ್ರ ಪರಿಮಳಿಸುತ್ತದೆ, ಬಿಸಿ ತಾಗಿದಾಗ ಅರಳುತ್ತದೆ. ದೂರದಿಂದಲೇ ಘಮ್ಮೆಂದು ಮೂಗಿಗೆ ಹೊಡೆಯುವ ಮಣಿ, ಎಲ್ಲವೂ ಒಂದೇ ಬಣ್ಣ ಒಂದೇ ಗೆರೆಯಲ್ಲಿರುವ ಮಣಿ, ಬಹುತೇಕ ನಕಲಿಯೇ. ಅಗರು ಮರಗಳ ವ್ಯಾಪಾರಕ್ಕೆ, ಅಳಿವಿನ ಭಯವಿರುವ ಪ್ರಾಣಿ ಸಸ್ಯಗಳನ್ನು ಕಾಪಾಡುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣವಿದೆ. ಹಾಗಿರುವಾಗ, ನೆಂಟರಿಗೆಲ್ಲ ಹತ್ತು ಮಾಲೆ ತೆಗೆದುಕೊಂಡು ಹೋಗಿ ಎಂದು ಒತ್ತಾಯಿಸುವವರ ಬುಟ್ಟಿಯಲ್ಲಿ ಏನಿರುತ್ತದೆಂದು ನೀವೇ ಯೋಚಿಸಿ.

ನಮ್ಮ ಜೊತೆಯಲ್ಲಿದ್ದ ಕುಂದಾಪುರದ ಗೆಳೆಯರಿಗೆ ಒಣಮೀನಿನ ವ್ಯಾಪಾರ ಗೊತ್ತಿತ್ತು, ಆದರೂ ಅವರು ಒಂದು ಕಿಲೋ ಎಂದು ಕೊಂಡ ಒಣ ಬೊಂಡಾಸ (ಸ್ಕ್ವಿಡ್) ಹೋಟೆಲಿನ ತೂಕದಲ್ಲಿ ಮುಕ್ಕಾಲು ಕಿಲೋ ಕೂಡ ಬರಲಿಲ್ಲ. ಅಲ್ಲಿಯ ಕೆಲವು ಮಾರುಕಟ್ಟೆಗಳಲ್ಲಿ ಗಿರಾಕಿಗಳು ತಾವೇ ತೂಗಿ ನೋಡಲೆಂದು ಪ್ರತ್ಯೇಕ ತಕ್ಕಡಿ ಇಟ್ಟಿರುತ್ತಾರೆ, ಹಣ ಕೊಡುವ ಮೊದಲು ಅದನ್ನು ಕೇಳಿ. ಖಾನ್ ಹೋವಾದ ಇನ್ನೊಂದು ಹೆಸರಾಂತ ಸರಕಾದ, ಬಾನಾಡಿ ಹಕ್ಕಿ ತನ್ನ ಎಂಜಲಿನಿಂದ ಕಟ್ಟುವ, ತಿನ್ನಲು ಬಳಸುವ ಗೂಡನ್ನಂತೂ ಬಿಡಿಯಾಗಿ, ಮೊಹರಿಲ್ಲದೆ ಮಾರುವವರಿಂದ ಕೊಳ್ಳಲೇಬೇಡಿ. ಎಲ್ಲರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಫಾನ್ ರಾಂಗ್ ಬಳಿಯ ಬೌ ಚುಕ್ ಎಂಬ ಚಾಮ್ ಕುಂಬಾರರ ಹಳ್ಳಿಯಲ್ಲಿ, ಗಾಲಿಯಿಲ್ಲದೆ ಮಡಕೆಯ ಸುತ್ತ ತಾವೇ ಸುತ್ತುತ್ತಾ ಮಣ್ಣು ತಟ್ಟುವ ಹೆಂಗಸರಿಂದ ಕೊಂಡ ಚಿಕ್ಕ ಹೂಜಿಗೆ ಹೇಳಿದ ಬೆಲೆ ನ್ಯಾಯವಾಗಿತ್ತು, ಕೊಟ್ಟ ಚಿಲ್ಲರೆಯನ್ನು ಅವರೇ ಎರಡು ಸಲ ಎಣಿಸಿ ಕೈಗಿಟ್ಟರು. ಅಂಥವರಿರುವ ನಾಡಿನಲ್ಲಿ ದೇವರ ಹೆಸರು ಹೇಳಿ ನಕಲಿ ಮಾರುತ್ತಾರಲ್ಲ ಎಂಬುದೇ ನನ್ನ ಸಿಟ್ಟು.

ಹೋಗುವವರು ಇಷ್ಟನ್ನು ಮಾಡಿ. ಮಾರುಕಟ್ಟೆಯಲ್ಲಿ ಹಣ್ಣು, ಬಟ್ಟೆ, ಟೋಪಿ ಕೊಳ್ಳಿ, ಅಗರನ್ನು ಕೊಳ್ಳಬೇಡಿ. ಇಪ್ಪತ್ತು ಸಾವಿರ ಮತ್ತು ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಬೇರೆ ಭಾಗಗಳಲ್ಲಿಡಿ: ಇಪ್ಪತ್ತು ಸಾವಿರದ್ದರ ಹಿಂದೆ ಹೋಯ್ ಆನ್ ಊರಿನ ಮುಚ್ಚಿದ ಸೇತುವೆಯ ಚಿತ್ರವಿದೆ, ಐದು ಲಕ್ಷದ್ದರ ಹಿಂದೆ ಹೋ ಚಿ ಮಿನ್ ಅವರ ಬಾಲ್ಯದ ಮನೆಯಿದೆ ಮತ್ತು ಆ ನೋಟು ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರಿನಷ್ಟು ಹೆಚ್ಚು ಉದ್ದವೂ ಹೌದು. ನೋಟುಗಳನ್ನು ಕಟ್ಟಾಗಿ ಕೊಡದೆ ಒಂದೊಂದಾಗಿ ಮೇಜಿನ ಮೇಲೆ ಇಡುತ್ತಾ, ಗಟ್ಟಿಯಾಗಿ ಎಣಿಸುತ್ತಾ, ಜೊತೆಯವರ ಫೋನಿನಲ್ಲಿ ವಿಡಿಯೋ ಮಾಡಿಸಿ. ರಸೀದಿಯಲ್ಲಿ ವಸ್ತುವಿನ ಹೆಸರು, ಮಳಿಗೆಯ ಸಂಖ್ಯೆ, ಮೊತ್ತ ಮೂರನ್ನೂ ಬರೆಸಿಕೊಳ್ಳದೆ ಹಣ ಬಿಚ್ಚಬೇಡಿ. ಬರೆದುಕೊಡಲು ಒಪ್ಪದವರ ಮಳಿಗೆಯಿಂದ, ಅವರು ಎಷ್ಟು ಕರೆದರೂ, ಹೊರಟುಬಿಡಿ.