‘ಮಾನ್ಯತೆ ಪಡೆದ’ ಉನ್ನತ ತರಬೇತಿಗೆ ಶುಲ್ಕ ಕಟ್ಟುವ ಮುನ್ನ

ಮಾನಸಿಕ ಆಘಾತಕ್ಕೊಳಗಾದವರ ಚಿಕಿತ್ಸೆಯಲ್ಲಿ ಉನ್ನತ ತರಬೇತಿ ನೀಡುವುದಾಗಿ ಹೇಳಿಕೊಂಡ ಸಂಸ್ಥೆಯೊಂದಕ್ಕೆ ಹಲವು ಸಮಾಜಕಾರ್ಯಕರ್ತರೊಂದಿಗೆ ನಾನೂ ಸೇರಿದ್ದೆ. ಅದರ ಪ್ರಮಾಣಪತ್ರಕ್ಕೆ ‘ಅಂತರರಾಷ್ಟ್ರೀಯ ಮಾನ್ಯತೆ’ ಕೊಟ್ಟಿರುವ ಮಂಡಳಿಯನ್ನು ನಡೆಸುತ್ತಿರುವವರು ಅದೇ ಸಂಸ್ಥೆಯ ತರಬೇತುದಾರರೆಂಬುದು ತಿಳಿದದ್ದು ಪೂರ್ತಿ ಶುಲ್ಕ ಕಟ್ಟಿಯಾದ ಮೇಲೆ.

ಪಾಠಗಳ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಸ್ಲೈಡುಗಳನ್ನು ಓದಿ ಹೇಳಿದರು, ಅಷ್ಟೆ. ಕಳವಳ ಹುಟ್ಟಿಸಿದ್ದು ಪ್ರಾಯೋಗಿಕ ಅವಧಿ. ಶಿಬಿರಾರ್ಥಿಯೊಬ್ಬರನ್ನು ಮುಂದೆ ಕೂರಿಸಿ, ಅವರ ಬದುಕಿನ ಅತ್ಯಂತ ನೋವಿನ ಘಟನೆಯನ್ನು ಎಲ್ಲರೆದುರು ಹೇಳಿಸಿ, ಅದನ್ನು ವಿಡಿಯೊ ಮಾಡಿಕೊಂಡರು. ಅವರು ನಡುಗತೊಡಗಿದಾಗಲೂ, ಒಳಗಿನ ಪ್ರತಿರೋಧ ಕರಗುತ್ತಿದೆ ಎನ್ನುತ್ತಾ ಮುಂದುವರಿಸಿದರೇ ಹೊರತು ನಿಲ್ಲಿಸಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ ರೂಪಿಸಿದ, ಕಣ್ಣಿನ ಚಲನೆಯಂಥ ತಂತ್ರಗಳಿಂದ ನೋವಿನ ನೆನಪುಗಳ ತೀವ್ರತೆಯನ್ನು ತಗ್ಗಿಸುವ ಇಎಂಡಿಆರ್ ಪದ್ಧತಿಯ 8 ಹಂತಗಳಲ್ಲಿ ಮೊದಲ ಎರಡು, ವ್ಯಕ್ತಿಯ ಹಿನ್ನೆಲೆಯನ್ನು ಅರಿಯುವುದಕ್ಕೂ ಅವರನ್ನು ಸಿದ್ಧಗೊಳಿಸುವುದಕ್ಕೂ ಮೀಸಲಾಗಿವೆ. ಆ ಪದ್ಧತಿಯನ್ನೇ ಕಲಿಸುತ್ತೇವೆಂದವರು ಈ ಎರಡನ್ನೂ ದಾಟಿ ನೇರವಾಗಿ ನೆನಪಿಗೆ ಕೈಹಾಕಿದ್ದರು. ಸೇವಾರ್ಥಿಯೊಬ್ಬರನ್ನು ನಾವು ಹೀಗೆ ನಡೆಸಿಕೊಂಡಿದ್ದರೆ ನಮ್ಮ ಪರವಾನಗಿಯೇ ಉಳಿಯುತ್ತಿರಲಿಲ್ಲ.

ಕೋರ್ಸಿನ ನಂತರ ನಮ್ಮ ಕೆಲಸವನ್ನು ಯಾರೂ ಗಮನಿಸಲಿಲ್ಲ. ಮೇಲ್ವಿಚಾರಣೆ ಬೇಕಾದವರು ಮುಂದಿನ ‘ಲೆವೆಲ್’ಗೆ ಬೇರೆ ಹಣ ಕಟ್ಟಬೇಕಿತ್ತು. ಬದಲಾಗುವ ಇಚ್ಛೆಯನ್ನು ಮಾತುಕತೆಯ ಮೂಲಕ ವ್ಯಕ್ತಿಯಿಂದಲೇ ಹೊರತರುವ ‘ಪ್ರೇರಣಾತ್ಮಕ ಸಂದರ್ಶನ’ದ ತರಬೇತಿಯನ್ನು ಕುರಿತು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರ್ಯಾಗಾರವೊಂದರಿಂದಲೇ ಬಂದ ಕೌಶಲ ಕೆಲವೇ ತಿಂಗಳಲ್ಲಿ ಕುಗ್ಗಿತ್ತು, ವೈಯಕ್ತಿಕ ಮಾರ್ಗದರ್ಶನ ದೊರೆತವರಲ್ಲಿ ಅದು ಹೆಚ್ಚು ಉಳಿದಿತ್ತು.

ದೂರು ಕೊಟ್ಟಾಗ, ನಮಗೆ ಪರವಾನಗಿ ನೀಡುವ ನೋಂದಣಿ ಮಂಡಳಿಯು, ತನ್ನ ವ್ಯಾಪ್ತಿಗೆ ಬರುವವರು ಪರವಾನಗಿ ಪಡೆದ ವ್ಯಕ್ತಿಗಳು ಮಾತ್ರ, ಪದವಿಯ ನಂತರದ ಕೋರ್ಸುಗಳಲ್ಲ ಎಂದು ಉತ್ತರಿಸಿತು. ಈ ನಿಲುವು ನನಗೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ತಪ್ಪು ವಿಧಾನದ ಬೆಲೆ ತೆರುವವರು ಸೇವಾರ್ಥಿಗಳು. ಅಮೆರಿಕದ ಕೊಲರಾಡೊದಲ್ಲಿ 2000ರಲ್ಲಿ ಹುಟ್ಟುವ ಕ್ಷಣವನ್ನು ಅಣಕವಾಗಿ ಮರುಕಳಿಸುವ ‘ಮರುಜನ್ಮ’ ಚಿಕಿತ್ಸೆಯ ಹೆಸರಿನಲ್ಲಿ ಹೊದಿಕೆಯೊಳಗೆ ಅದುಮಿಟ್ಟ 10 ವರ್ಷದ ಬಾಲಕಿ ಉಸಿರುಗಟ್ಟಿ ಸತ್ತಳು. ಆ ರಾಜ್ಯವು ಅಂಥ ಚಿಕಿತ್ಸೆಯನ್ನು ನಿಷೇಧಿಸಿದ್ದು ಮರುವರ್ಷ, ಅಂದರೆ ಸಾವಿನ ನಂತರ.

ಆದ್ದರಿಂದ ಕೋರ್ಸಿನ ಗಂಟೆಗಳನ್ನು ನಿಮ್ಮ ನೋಂದಣಿ ಮಂಡಳಿ ಪರಿಗಣಿಸುತ್ತದೆಯೇ ಎಂಬುದನ್ನು ಸಂಸ್ಥೆಯನ್ನಲ್ಲ, ಮಂಡಳಿಯನ್ನೇ ಕೇಳಿ, ಲಿಖಿತ ಉತ್ತರ ಪಡೆಯಿರಿ. ಮಾನ್ಯತೆ ನೀಡಿದವರು ಯಾರು, ನಿಮ್ಮ ಕೆಲಸವನ್ನು ನೋಡಿ ತಿದ್ದುವವರು ಯಾರು ಎಂಬುದನ್ನೂ ವಿಚಾರಿಸಿ. ಆ ವಿಡಿಯೊವನ್ನು ಅಳಿಸಬೇಕೆಂದು ನಾವು ಬರೆದ ಪತ್ರಕ್ಕೆ ಈವರೆಗೆ ಉತ್ತರ ಬಂದಿಲ್ಲ. ಚಿತ್ರೀಕರಣದ ಒಪ್ಪಿಗೆ ಪತ್ರವನ್ನು ಮುಂದಿಟ್ಟರೆ, ವಿಡಿಯೊ ಯಾರ ವಶದಲ್ಲಿ ಎಷ್ಟು ಕಾಲ ಇರುತ್ತದೆ ಎಂಬುದನ್ನು ಬರೆಸಿಕೊಳ್ಳದೆ ಸಹಿ ಹಾಕಬೇಡಿ.